ಡಿಪೋ ಅಕ್ಕನ ಊಟದ ಸಾಲು

ಬೆಳಗಿನ ನಾಲ್ಕೂವರೆ. ಬಸ್ ಡಿಪೋದ ಅಂಗಳದಲ್ಲಿ ಒಂದೊಂದೇ ಗಾಡಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಎಚ್ಚರಗೊಳ್ಳುತ್ತಿದೆ. ಕ್ಯಾಂಟೀನಿನ ಹಿಂಬದಿಯ ನಲ್ಲಿಯ ಕೆಳಗೆ ಸೌತೆಕಾಯಿ ತುಂಬಿದ ದೊಡ್ಡ ಟಬ್ಬು. ಮೊಣಕೈವರೆಗೆ ಕೈಯಿಳಿಸಿ, ಎಳೆಮಗುವಿಗೆ ನೀರೆರೆಯುವಷ್ಟು ಜೋಪಾನವಾಗಿ ಒಂದೊಂದನ್ನೇ ತೊಳೆಯುತ್ತಿರುವವರು ಇಲ್ಲಿನ ಅಡುಗೆಯವರು. ವಯಸ್ಸು ಐವತ್ತೆರಡು. ಅವರಿಗಿಂತ ಹಿರಿಯರೂ ಅವರನ್ನು ಕರೆಯುವುದು ಡಿಪೋ ಅಕ್ಕ ಎಂದೇ.

ಒಲೆ ಹಚ್ಚುವ ಮುನ್ನ ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಏನು ಬೇಡಿಕೊಂಡಿರಿ ಎಂದರೆ ಸೆರಗಿನಲ್ಲಿ ಕೈ ಒರೆಸುತ್ತಾ ನಗುತ್ತಾರೆ. "ಹೋದ ಗಾಡಿಗಳೆಲ್ಲ ನೆಟ್ಟಗೆ ವಾಪಸ್ ಬರ್ಲಿ, ಉಂಡೋರಿಗೆ ಉಂಡಿದ್ದು ಮೈಗೆ ಹತ್ಲಿ. ದಿನಾ ಇಷ್ಟೇ. ಇವತ್ತು ಮಾತ್ರ ಹದಿನೇಳನೇ ನಂಬರಿಗೆ ಅಂತ ಬೇರೆಯಾಗಿ ಕೇಳ್ಕೊಂಡೆ. ಅಷ್ಟು ಗಾಡಿಗಳ ನಡುವೆ ದೇವರಿಗೂ ಗುರುತು ಸಿಗಬೇಕಲ್ಲ!"

ಹದಿನೇಳು ಎಂದರೆ ಆ ನಂಬರಿನ ಬಸ್ಸು ಓಡಿಸುವ ಚಾಲಕ. ಈ ಡಿಪೋದಲ್ಲಿ ಚಾಲಕರನ್ನು ಕರೆಯುವುದೇ ಬಸ್ಸಿನ ನಂಬರಿನಿಂದ. ಮೂರು ತಿಂಗಳ ಹಿಂದೆ ವೈದ್ಯರು ಅವರ ರಕ್ತ ಪರೀಕ್ಷೆಯ ಚೀಟಿ ನೋಡಿ ಗಡುವು ಕೊಟ್ಟಿದ್ದರು: ಸಕ್ಕರೆ ಇಳಿಯದಿದ್ದರೆ ಸ್ಟೇರಿಂಗ್ ಬಿಡಬೇಕು, ಶೆಡ್ಡಿನಲ್ಲಿ ಗಾಡಿ ತೊಳೆಯುವ ಕೆಲಸಕ್ಕೆ ಹೋಗಬೇಕು. ಆ ಗಡುವು ಮುಗಿಯುವುದು ಈ ದಿನ; ಹನ್ನೊಂದು ಗಂಟೆಗೆ ಮತ್ತೆ ವೈದ್ಯರನ್ನು ಕಾಣಬೇಕು. ಡಿಪೋದಲ್ಲಿ ವಿಷಯ ಗೊತ್ತಿರುವುದು ಅಕ್ಕನಿಗೆ, ಅಕ್ಕನ ಯಜಮಾನರಿಗೆ ಮಾತ್ರ. ಇದನ್ನು ಬರೆಯಬಹುದೇ ಎಂದು ಕೇಳಿದಾಗ ಆ ಚಾಲಕ ಹಾಕಿದ ಷರತ್ತೂ ಒಂದೇ: "ಬರೀರಿ, ಆದ್ರೆ ನಂಬರ್ ಬೇರೆ ಹಾಕಿ." ಹಾಗಾಗಿ ಹದಿನೇಳು ಅವರ ನಿಜವಾದ ನಂಬರಲ್ಲ.

ಯಜಮಾನರು ಎದುರಿಗೆ ಮಣೆಯ ಮೇಲೆ ಕೂತು ಗಜ್ಜರಿ ಹೆರೆಯುತ್ತಿದ್ದಾರೆ. ಅವರೂ ಒಂದು ಕಾಲದ ಚಾಲಕರೇ. ಹತ್ತೊಂಬತ್ತು ವರ್ಷ ಓಡಿಸಿದವರು. ಒಂದು ಸಂಜೆ ಸಿಗ್ನಲ್ಲಿನ ಒಂದು ದೀಪ ಎರಡಾಗಿ ಕಂಡಿತು. ಬಸ್ಸನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು, ಪ್ರಯಾಣಿಕರನ್ನೆಲ್ಲ ಇಳಿಸಿ, ಅಂದೇ ಕೀಲಿ ತಂದೊಪ್ಪಿಸಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು.

"ಎಲ್ರೂ ಇವರಿಗೆ ಸಮಾಧಾನ ಹೇಳಿದ್ರು. ನಂಗೆ ಮಾತ್ರ ನಿದ್ದೆ ಬರ್ಲಿಲ್ಲ," ಎನ್ನುತ್ತಾರೆ ಅಕ್ಕ. "ಮನೇಲೂ ನಾನೇ, ಇಲ್ಲೂ ನಾನೇ. ಹತ್ತೊಂಬತ್ತು ವರ್ಷ ಇವರ ತಟ್ಟೆಗೆ ಬಡಿಸಿದ ಕೈ ಇದೇ ತಾನೆ?"

"ಬಡಿಸಿದ್ದು ನೀನು, ನುಂಗಿದ್ದು ನಾನು. ತಪ್ಪು ಅರ್ಧರ್ಧ ಹಂಚ್ಕೊಳ್ಳೋಣ ಬಿಡು," ಎಂದು ಯಜಮಾನರು ತಲೆಯೆತ್ತದೆ ಹೇಳುತ್ತಾರೆ.

ಆಮೇಲೆ ಅಕ್ಕ ಮಾಡಿದ ಮೊದಲ ಕೆಲಸವೆಂದರೆ, ಒಂದು ವಾರ ಬಡಿಸುವುದನ್ನು ಬೇರೆಯವರಿಗೆ ಬಿಟ್ಟು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದ್ದು. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಚಾಲಕನಿಗೆ ಸಿಗುವುದು ಇಪ್ಪತ್ತು ನಿಮಿಷ. ಓಡೋಡಿ ಬರುತ್ತಾನೆ, ತಟ್ಟೆ ಹಿಡಿಯುತ್ತಾನೆ. ಮೊದಲು ಸಿಗುವುದು ಅನ್ನದ ಗುಡ್ಡೆ, ಅದರ ಪಕ್ಕ ಕರಿದದ್ದು. ಸಾಲಿನ ಕೊನೆಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಜಾಗವಿಲ್ಲ. ತರಕಾರಿ ಬಡಿಸುವವರಿಗೆ "ಸಾಕು ಸಾಕು" ಎಂದು ಕೈ ಅಡ್ಡ ಹಿಡಿದು ಹೋಗುತ್ತಾನೆ. ಅವನಿಗೆ ತರಕಾರಿಯ ಮೇಲೆ ಹಗೆಯಿಲ್ಲ, ಸ್ಥಳವಿಲ್ಲ ಅಷ್ಟೆ.

ಮುಂದಿನ ಸೋಮವಾರ ಸಾಲು ತಿರುಗುಮುರುಗಾಯಿತು. ಮೊದಲು ಹಸಿ ಸೌತೆ, ಗಜ್ಜರಿ. ಆಮೇಲೆ ಬೇಯಿಸಿದ ಸೊಪ್ಪು, ತರಕಾರಿ. ಆಮೇಲೆ ಬೇಳೆ, ಕಾಳು. ಅನ್ನ ಕಟ್ಟಕಡೆಗೆ. ಕರಿದದ್ದನ್ನು ನಿಲ್ಲಿಸಲಿಲ್ಲ, ಮುಚ್ಚಳವಿರುವ ಪಾತ್ರೆಗೆ ಹಾಕಿ ಒಲೆಯ ಹಿಂದಿಟ್ಟರು. ಕೇಳಿದವರಿಗೆ ಉಂಟು. ಮೇಜಿಗೊಂದರಂತೆ ಇದ್ದ ಹತ್ತು ಉಪ್ಪಿನ ಡಬ್ಬಿಗಳ ಬದಲು ಒಂದೇ ಡಬ್ಬಿ, ಅದೂ ಕೈತೊಳೆಯುವ ತೊಟ್ಟಿಯ ಪಕ್ಕ. ಬಾಗಿಲಲ್ಲೇ ಕಣ್ಣು ಹೊಡೆಯುತ್ತಿದ್ದ ಸಿಹಿಪಾನೀಯದ ಪೆಟ್ಟಿಗೆ ಕಂಬದ ಹಿಂದಕ್ಕೆ ಹೋಯಿತು. ಮೇಜುಗಳ ಮೇಲೆ ನೀರು ತುಂಬಿದ ಹೂಜಿಗಳು ಬಂದು ಕೂತವು.

"ಬೇಡ ಅಂದ್ರೆ ಗಂಡಸರು ಕೇಳ್ತಾರಾ? ಹಟಕ್ಕೆ ಬೀಳ್ತಾರೆ. ದೂರ ಇಟ್ರೆ ಮರ್ತುಬಿಡ್ತಾರೆ," ಎನ್ನುವ ಅಕ್ಕನ ಕಣ್ಣಲ್ಲಿ ತುಂಟತನ. ಉಪ್ಪಿಗಾಗಿ ಎದ್ದು ಹೋಗಬೇಕೆಂದರೆ ಹತ್ತರಲ್ಲಿ ಎಂಟು ಮಂದಿಗೆ ಊಟ ಇದ್ದಂತೆಯೇ ರುಚಿಯಾಗಿರುತ್ತದಂತೆ.

ದಿನಕ್ಕೆ ಇನ್ನೂರ ನಲವತ್ತು ತಟ್ಟೆ. ಇಪ್ಪತ್ತು ಕಿಲೋ ಸೌತೆ, ಹದಿನೈದು ಕಿಲೋ ಗಜ್ಜರಿ. ಜೊತೆಗೆ ಅರವತ್ತು ಪುಟ್ಟ ಡಬ್ಬಿ, ಅವುಗಳಲ್ಲಿ ಬೆಂದ ಕಡಲೆಕಾಳು, ಒಂದು ಹಣ್ಣು. ಇವು ಕ್ಯಾಂಟೀನಿನಲ್ಲಿ ಇರುವುದಿಲ್ಲ. ಗಾಡಿ ಹೊರಡಿಸುವ ಮೊದಲು ಚಾಲಕರು ರುಜು ಹಾಕುವ ಕಿಟಕಿಯಲ್ಲಿರುತ್ತವೆ. ಪೆನ್ನು ಇಟ್ಟ ಕೈ ಡಬ್ಬಿ ಎತ್ತಿಕೊಳ್ಳುತ್ತದೆ. ಹನ್ನೊಂದು ಗಂಟೆಗೆ ಯಾವುದೋ ನಿಲ್ದಾಣದಲ್ಲಿ ಹೊಟ್ಟೆ ಚುರುಗುಟ್ಟಿದಾಗ ಅಂಗಡಿ ಹುಡುಕುವ ಗೋಜಿಲ್ಲ.

ಎಲ್ಲವೂ ಹೀಗೆ ನೆಟ್ಟಗೆ ನಡೆಯಿತೆಂದಲ್ಲ. ಹದಿನೇಳರವರ ಗಡುವಿನ ಸುದ್ದಿ ಯಜಮಾನರಿಂದ ಅಕ್ಕನಿಗೆ ತಿಳಿಯಿತು. ಇನ್ನೂ ಏನಾದರೂ ಮಾಡಬೇಕೆಂದು, ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು, ಒಂದು ಹಲಗೆ ಬರೆಸಿ ತಂದರು: ಸಕ್ಕರೆ ಕಾಯಿಲೆಯವರ ಸಾಲು. ಅಲ್ಲಿ ಅನ್ನ ಕಡಿಮೆ, ಕಾಳು ಹೆಚ್ಚು, ಅಡುಗೆಯೂ ಬೇರೆ. ಎರಡು ವಾರ ಆ ಸಾಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹದಿನೇಳರವರಂತೂ ಕ್ಯಾಂಟೀನಿನ ಹೊಸಿಲು ತುಳಿಯುವುದನ್ನೇ ಬಿಟ್ಟು ರಸ್ತೆಬದಿಯ ಅಂಗಡಿಯಲ್ಲಿ ಕರಿದದ್ದು ತಿನ್ನತೊಡಗಿದರು. ಅಕ್ಕ ಅಂಗಳದಲ್ಲೇ ಅಡ್ಡ ಹಾಕಿ ಕೇಳಿದರು.

"ಏನಣ್ಣ, ನಿಮಗೋಸ್ಕರ ಅಂತಾನೇ ಮಾಡಿದ್ರೆ ಈ ಕಡೆ ತಲೇನೂ ಹಾಕ್ತಿಲ್ವಲ್ಲ?"

"ನಿಮ್ಮ ಮನಸ್ಸು ದೊಡ್ಡದಕ್ಕ, ಇಲ್ಲ ಅನ್ನಲ್ಲ. ಆದ್ರೆ ಆ ಸಾಲಲ್ಲಿ ನಿಂತ್ರೆ ಕೀಲಿ ನಾನೇ ಕೈಯಾರೆ ಕೊಟ್ಟಂಗೆ. ಸೂಪರ್‌ವೈಸರ್ ಕೂರೋದು ಎದುರು ಮೇಜಲ್ಲೇ ಅಲ್ವಾ?"

ಅಕ್ಕ ಪೆಚ್ಚಾಗಿ ಒಳಗೆ ಬಂದರೆ ಯಜಮಾನರೂ ಅದೇ ಮಾತು: "ನಾನಾಗಿದ್ರೂ ನಿಲ್ತಿರ್ಲಿಲ್ಲ ಕಣೇ. ಮೂರು ವರ್ಷ ಕಾಯಿಲೇನ ನಿನ್ನ ಹತ್ರಾನೇ ಮುಚ್ಚಿಟ್ಟಿರ್ಲಿಲ್ವಾ?"

ಆ ಮಧ್ಯಾಹ್ನವೇ ಹಲಗೆ ಇಳಿಯಿತು. ಎರಡು ಸಾಲು ಮತ್ತೆ ಒಂದಾಯಿತು. ಕಾಯಿಲೆಯವರಿಗೆಂದು ಮಾಡಿದ್ದ ಅಡುಗೆಯೇ ಎಲ್ಲರ ಅಡುಗೆಯಾಯಿತು; ಸೂಪರ್‌ವೈಸರ್ ತಟ್ಟೆಗೂ ಅದೇ. ಅನ್ನದ ಸೌಟು ಮಾತ್ರ ಸದ್ದಿಲ್ಲದೆ ಒಂದು ಅಳತೆ ಚಿಕ್ಕದಾಯಿತು; ಮತ್ತೆ ಕೇಳಿದವರಿಗೆ ಮತ್ತೆ ಉಂಟು. ನಾಲ್ಕನೆಯ ದಿನ ಹದಿನೇಳರವರು ಹತ್ತು ಜನರ ನಡುವೆ ಹನ್ನೊಂದನೆಯವರಾಗಿ ಬಂದು ತಟ್ಟೆ ಹಿಡಿದರು. ಅಕ್ಕ ಮುಖ ನೋಡದೆ ಬಡಿಸಿದರು.

ಈಗ ಮಧ್ಯಾಹ್ನ ಒಂದೂವರೆ. ಸಾಲು ಬಾಗಿಲು ದಾಟಿ ಅಂಗಳಕ್ಕೆ ಚಾಚಿದೆ. ಅಕ್ಕ ಬಡಿಸುತ್ತಿದ್ದಾರೆ, ಕಣ್ಣು ಮಾತ್ರ ಸಾಲಿನ ಬಾಲದಲ್ಲಿದೆ. ಹದಿನೇಳರವರು ಬಂದದ್ದು ಕಂಡಿತು. ಮುಖದಲ್ಲಿ ಏನೂ ಬರೆದಿಲ್ಲ. ಎಲ್ಲರೆದುರು ಕೇಳುವ ಹಾಗೂ ಇಲ್ಲ. ಒಬ್ಬೊಬ್ಬರೇ ಮುಂದೆ ಸರಿದು, ಕೊನೆಗೆ ಅವರ ತಟ್ಟೆ ಎದುರಿಗೆ ಬಂತು. ಅವರು ತುಸು ಬಾಗಿದರು.

"ಇಳಿದಿದೆ ಅಕ್ಕ. ಪೂರ್ತಿ ಇಳಿದಿಲ್ಲ. ಗಾಡಿ ಓಡಿಸಿ, ಆರು ತಿಂಗಳು ಬಿಟ್ಟು ಬನ್ನಿ ಅಂದ್ರು."

ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು. ಹಿಂದಿನಿಂದ ಇಪ್ಪತ್ತೆರಡನೇ ನಂಬರಿನವರ ಕೂಗು: "ಏನ್ ಗುರು, ಅಕ್ಕನ ಹತ್ರ ಗುಟ್ಟು? ಮುಂದೆ ಹೋಗಪ್ಪಾ, ಇಲ್ಲಿ ಹೊಟ್ಟೆ ತಾಳ ಹಾಕ್ತಿದೆ!"

"ಗುಟ್ಟೂ ಇಲ್ಲ ಮಣ್ಣೂ ಇಲ್ಲ," ಎಂದು ಅಕ್ಕ ಗಟ್ಟಿಯಾಗಿ ಹೇಳಿ, ಹದಿನೇಳರವರ ತಟ್ಟೆಗೆ ಇನ್ನೊಂದು ಸೌಟು ಸೊಪ್ಪು ಸುರಿದರು. "ಇವರಿಗೆ ಇವತ್ತು ಸೊಪ್ಪು ಜಾಸ್ತಿ ಬೇಕಂತೆ. ಅದಕ್ಕೆ ಇಷ್ಟು ಗಲಾಟೆನಾ?"

"ಆಹಾ, ಅವನಿಗೊಂದು ನ್ಯಾಯ ನಂಗೊಂದು ನ್ಯಾಯಾನಾ? ನಂಗೂ ಎರಡು ಸೌಟು ಹಾಕಿ ಮತ್ತೆ!"

ಹಾಕಿದರು. ಅವರ ಹಿಂದಿನವರೂ ಕೇಳಿದರು, ಅವರಿಗೂ ಹಾಕಿದರು. ಎರಡು ಗಂಟೆಯೊಳಗೆ ಸೊಪ್ಪಿನ ಪಾತ್ರೆ ಬರಿದು. ಅಕ್ಕನ ಪಾಲಿಗೆ ತಳದಲ್ಲಿ ಅಂಟಿದ್ದಷ್ಟೇ ಉಳಿದಿದೆ. ಅದನ್ನೇ ಬಳಿದು ತಟ್ಟೆಗೆ ಹಾಕಿಕೊಂಡು ಯಜಮಾನರ ಪಕ್ಕ ಕೂರುತ್ತಾರೆ.

"ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ, ನಂಗ್ಯಾಕೆ ಬೇಕು?" ಎನ್ನುತ್ತಾರೆ ಮೊದಲ ತುತ್ತು ಎತ್ತುತ್ತಾ. "ಇಷ್ಟು ವರ್ಷ 'ಸಾಕು ಸಾಕು' ಅಂತಿದ್ದೋರು. ಇವತ್ತು ಜಗಳ ಆಡಿ ಸೊಪ್ಪು ಹಾಕಿಸ್ಕೊಂಡ್ರು ನೋಡಿ."