ಆಷಾಢದಲ್ಲಿ ತಂದ ಬಿಸಿಲಿನ ಒಲೆ

ಬಿಸಿಲಿನಲ್ಲಿ ಅಡುಗೆ ಮಾಡುವ ಪೆಟ್ಟಿಗೆಯನ್ನು ನಾನು ಮನೆಗೆ ತಂದದ್ದು ಆಷಾಢದಲ್ಲಿ. ನಾನು ಎಂಥ ಮನುಷ್ಯ ಎಂದು ತಿಳಿಯಲು ಇದೊಂದು ವಾಕ್ಯ ಸಾಕು. ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನ ಆಷಾಢ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಣದವರಿಗೆ ಹೇಳುವುದಾದರೆ, ಆ ತಿಂಗಳು ಇಲ್ಲಿ ಸರಿಯಾಗಿ ಮಳೆಯೂ ಬರುವುದಿಲ್ಲ, ಬಿಸಿಲೂ ಬರುವುದಿಲ್ಲ. ಗಾಳಿ ಬೀಸುತ್ತದೆ, ಮೋಡ ಮುಚ್ಚಿಕೊಂಡಿರುತ್ತದೆ, ಆಗಾಗ ಯಾರೋ ಒದ್ದೆ ಕೈ ಕೊಡವಿದಂತೆ ನಾಲ್ಕು ಹನಿ ಬೀಳುತ್ತವೆ. ಅಂಥ ಆಕಾಶದ ಕೆಳಗೆ, ಆಲಸನತ್ತಂನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ಮುಚ್ಚಳದೊಳಗೆ ಕನ್ನಡಿ ಇದ್ದ ಒಂದು ತಗಡಿನ ಪೆಟ್ಟಿಗೆಯನ್ನು ಸೈಕಲ್ಲಿನಿಂದ ಇಳಿಸಿ, ಸೂರ್ಯ ಯಾವ ಕಡೆ ಇರಬಹುದು ಎಂದು ಅಂದಾಜು ಮಾಡುತ್ತಾ ನಿಂತೆ. ಎಂಬತ್ತರ ದಶಕದ ನಡುವಿನ ಮಾತು.

ಇದಕ್ಕೆಲ್ಲ ಕಾರಣ ಅಕ್ಕನ ಕಣ್ಣು.

ಅಕ್ಕ ಎಂದರೆ ನನ್ನ ಸ್ವಂತ ಅಕ್ಕ, ನನಗಿಂತ ಹದಿನಾರು ವರ್ಷ ದೊಡ್ಡವಳು. ನನ್ನ ಅತ್ತೆಯೂ ಅವಳೇ. ನಮ್ಮ ಕಡೆಯ ವಾಡಿಕೆಯಂತೆ ಅವಳ ಮಗಳನ್ನೇ ನನಗೆ ಕೊಟ್ಟಿದ್ದರು. ಹೀಗಾಗಿ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆ ನನಗೆ ಒಂದು ದಿನವೂ ಸಿಗಲಿಲ್ಲ. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು ಈಗ ಎದ್ದು ನಿಂತು ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾಳೆಯೇ? ಬೈಯುವಾಗ ಮಾತ್ರ ‘ಅಳಿಯಂದ್ರೆ’ ಎನ್ನುತ್ತಿದ್ದಳು. ಹೆಂಡತಿ ಹುಟ್ಟಿದಾಗಿನಿಂದ ನನ್ನನ್ನು ‘ಮಾವ’ ಎಂದೇ ಕರೆದವಳು. ಮದುವೆಯಾದ ಮೇಲೆ ಅದಕ್ಕೊಂದು ಬಹುವಚನ ಸೇರಿಸಿಕೊಂಡು ಹಾಗೇ ಮುಂದುವರಿಸಿದಳು.

ಅಕ್ಕ ಉದ್ದನಪಲ್ಲಿಯಿಂದ ನಮ್ಮ ಮನೆಗೆ ಬಂದದ್ದು ಕಣ್ಣಿನ ಪೊರೆ ತೆಗೆಸಲು. ಒಂದು ಕಣ್ಣಿನ ಆಪರೇಷನ್ ಆಗಿತ್ತು. ಇನ್ನೊಂದು ಪೂರ್ತಿ ಮಬ್ಬು. ಮೊದಲನೆಯದು ಸುಧಾರಿಸಿದ ಮೇಲೆ ಅದರ ಸರದಿ. ಡಾಕ್ಟರು ಕರಿ ಕನ್ನಡಕ ಕೊಟ್ಟು, ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಹೊಗೆಯ ಹತ್ತಿರ ಹೋಗಬಾರದು ಎಂದಿದ್ದರು. ಈ ಕಣ್ಣು ಕೆಡಿಸಿಕೊಂಡರೆ ಆ ಕಣ್ಣಿಗೆ ನಾನು ಕೈ ಹಾಕುವುದಿಲ್ಲ ಎಂದೂ ಹೇಳಿದ್ದರು. ಈ ಮಾತನ್ನು ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಳು. ನಾನು ಹೊತ್ತು ತಂದೆ. ಬೇರೆಯವರು ಬಿಟ್ಟುಹೋದ ಚಿಂತೆಯನ್ನು ಎತ್ತಿಕೊಂಡು ಬರುವುದು ನನ್ನ ಹುಟ್ಟುಗುಣ.

ಮನೆಯಲ್ಲಿ ಅಡುಗೆಯೆಲ್ಲ ಸೌದೆ ಒಲೆಯಲ್ಲೇ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಳಾಗಿದ್ದವು. ಸೀಮೆಎಣ್ಣೆ ಸ್ಟೌ ಕಾಫಿಗಷ್ಟೇ. ಅದರ ಮೇಲೆ ಮುದ್ದೆಯ ಪಾತ್ರೆ ಇಟ್ಟು ಕೋಲಿನಲ್ಲಿ ತಿರುವಿದರೆ ಸ್ಟೌವೇ ಉರುಳಿ ಬೀಳುತ್ತಿತ್ತು. ಹೆಂಡತಿಗೆ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ, ಬೆಳಗಿನ ಶಿಫ್ಟು. ಐದೂವರೆಗೆ ಬಸ್ಸು ಹತ್ತಿದರೆ ಮತ್ತೆ ಮನೆ ಕಾಣುವುದು ಮಧ್ಯಾಹ್ನ ಎರಡೂವರೆಗೆ. ನಾನು ಹತ್ತಿರದ ಶಾಲೆಯಲ್ಲಿ ಕನ್ನಡ ಮೇಷ್ಟರು. ಹನ್ನೆರಡೂವರೆಗೆ ಊಟಕ್ಕೆ ಬರುತ್ತಿದ್ದೆ. ಬಂದಾಗ ತಟ್ಟೆಯಲ್ಲಿ ಬಿಸಿ ಮುದ್ದೆ ಇರಬೇಕು. ಇರುತ್ತಿತ್ತು. ಅಂದರೆ, ಹನ್ನೆರಡಕ್ಕೆ ಅಕ್ಕ ಒಲೆಯ ಮುಂದೆ ಇರುತ್ತಿದ್ದಳು, ಕರಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು.

“ಅಕ್ಕಾ, ಡಾಕ್ಟ್ರು ಹೊಗೆ ಬೇಡ ಅಂದವ್ರೆ.”

“ಹೊಗೆ ಅದರ ಪಾಡಿಗೆ ಅದು ಹೋಯ್ತದೆ, ನನ್ ಪಾಡಿಗೆ ನಾನಿರ್ತೀನಿ. ನೀನು ಸುಮ್ನೆ ಉಣ್ಣಲಾ.”

ಉಂಡೆ. ಬಹಳ ಚಿಂತೆಯಿಂದ ಉಂಡೆ. ಎರಡು ಮುದ್ದೆ.

ಪೆಟ್ಟಿಗೆ ಬರುವುದಕ್ಕೆ ಮೊದಲೂ ನಾನು ಕೈಕಟ್ಟಿ ಕೂತವನಲ್ಲ. ಡೆಂಕಣಿಕೋಟೆ ಕಡೆಯ ಕಾಡಿನಿಂದ ಹೆಂಗಸರು ತಲೆಹೊರೆಯಲ್ಲಿ ಸೌದೆ ತಂದು ಬೀದಿಬೀದಿ ಮಾರುತ್ತಿದ್ದರು. ಕಾಡೆಲ್ಲ ಹೀಗೆ ಒಂದೊಂದೇ ಹೊರೆಯಾಗಿ ನಮ್ಮ ಒಲೆಯ ಬಾಯಿಗೆ ಬರುತ್ತಿದೆಯಲ್ಲ ಎಂದು ನನಗೆ ದಿಗಿಲು. ಅದನ್ನು ತರಗತಿಯಲ್ಲಿ ಭಾಷಣ ಮಾಡಿದೆ. ಭಾಷಣ ಮಾಡಿದ ಮೇಲೆ ನಾವೂ ಏನಾದರೂ ಮಾಡಬೇಕಲ್ಲ? ತಣ್ಣೀರು ಸ್ನಾನ ಶುರು ಮಾಡಿದೆ. ನಾಲ್ಕನೆಯ ದಿನ ನೆಗಡಿ ಹಿಡಿದು, ಆ ವಾರವೆಲ್ಲ ಕಷಾಯ ಕಾಯಿಸಲು ಹಂಡೆ ನೀರಿಗಿಂತ ಹೆಚ್ಚು ಸೌದೆ ಉರಿಯಿತು. ಬಚ್ಚಲ ನೀರನ್ನು ಬಾಳೆಗಿಡದ ಕಡೆಗೆ ತಿರುಗಿಸಿದೆ. ಅದು ಬಾಳೆಯನ್ನು ಬಿಟ್ಟು ಪಕ್ಕದ ಗೋಡೆಯ ಪಾಯದೊಳಗೆ ಹೋಯಿತು. ಮನೆ ಓನರು ಬಂದು, ಬಾಳೆಯನ್ನೂ ಗೋಡೆಯನ್ನೂ ನನ್ನನ್ನೂ ಒಂದೊಂದಾಗಿ ನೋಡಿ ಹೋದರು. ಅಂಗಡಿಗೆ ಬಟ್ಟೆ ಚೀಲವನ್ನೇ ಒಯ್ಯುವ ವ್ರತವೂ ಇತ್ತು. ಚೀಲ ಮರೆತ ದಿನ ಒಂದು ಕಿಲೋ ಈರುಳ್ಳಿಯನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಬರುವಾಗ ಹೆಡ್‌ಮಾಸ್ಟರು ಎದುರಾದರು. ಕೈ ಮುಗಿಯಲು ಹೋದೆ. ಈರುಳ್ಳಿ ಅವರ ಪಾದಕ್ಕೆ ನಮಸ್ಕಾರ ಮಾಡಿತು.

ಹೀಗಿರುವಾಗ ಒಂದು ಪ್ರದರ್ಶನದಲ್ಲಿ ಆ ಪೆಟ್ಟಿಗೆ ಕಂಡಿತು. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಎರಡು ಪದರ ಗಾಜು, ನಾಲ್ಕು ಕಪ್ಪು ಡಬ್ಬಿ, ಬಿಸಿಲನ್ನು ಒಳಗೆ ತಳ್ಳಲು ಮುಚ್ಚಳದಲ್ಲಿ ಕನ್ನಡಿ. ಸೌದೆ ಬೇಡ, ಹೊಗೆ ಇಲ್ಲ. ಕಾಡೂ ಉಳಿಯಿತು, ಅಕ್ಕನ ಕಣ್ಣೂ ಉಳಿಯಿತು ಎಂದುಕೊಂಡೆ. ಆ ದಿನ ಬಿಸಿಲಿತ್ತು. ಆ ತಿಂಗಳಿಗೆ ಅದೊಂದೇ ದಿನ.

ಮೊದಲ ಭಾನುವಾರ ಒಂಬತ್ತು ಗಂಟೆಗೆ ಬೇಳೆ ಇಟ್ಟು, ಪೆಟ್ಟಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಗಾಜು ಒಡೆದರೆ? ಗಾಳಿಗೆ ಕನ್ನಡಿ ಹಾರಿದರೆ? ಕನ್ನಡಿಯ ಝಳಕ್ಕೆ ಎದುರು ಮನೆಯ ಚಪ್ಪರ ಹೊತ್ತಿಕೊಂಡರೆ? ಬೇಳೆಗೇ ಸಾಲದ ಬಿಸಿಲು ಚಪ್ಪರಕ್ಕೆ ಬೆಂಕಿ ಹಚ್ಚೀತೇ ಎಂದು ಯೋಚಿಸುವ ವಿವೇಕ ಚಿಂತೆ ಮಾಡುವವನಿಗೆ ಎಲ್ಲಿಂದ ಬರಬೇಕು? ಪಕ್ಕದ ಮನೆಯ ತೆಲುಗು ಹೆಂಗಸು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದಳು.

“ಏಮಕ್ಕಾ, ಟೀವೀ ತೆಚ್ಚಿನಾರಾ?”

“ಟೀವೀನೇ ಕಣಮ್ಮ,” ಎಂದಳು ಅಕ್ಕ ಜಗುಲಿಯಿಂದ. “ಬೇಳೆ ಬೇಯೋದು ತೋರಿಸ್ತದಂತೆ. ಬಾ, ಕೂತ್ಕೊ. ಸಾಯಂಕಾಲದವರ್ಗೂ ಅದೇ ಪಿಕ್ಚರ್ರು.”

ಅವಳು ಬಂದು, ಕನ್ನಡಿಯಲ್ಲಿ ಬೊಟ್ಟು ಸರಿಮಾಡಿಕೊಂಡು ಹೋದಳು. ಆಮೇಲೆ ಅವರ ಹುಂಜ ಬಂದು ಕನ್ನಡಿಯೊಳಗಿನ ಹುಂಜದ ಜೊತೆ ಜಗಳಕ್ಕೆ ನಿಂತಿತು. ಎರಡು ಗಂಟೆಗೆ ಡಬ್ಬಿ ತೆಗೆದಾಗ ಬೇಳೆ ಉಗುರುಬೆಚ್ಚಗೆ ನೆನೆದಿತ್ತು. ಹೆಂಡತಿ ಮುಟ್ಟಿ ನೋಡಿದಳು.

“ಮಾವ, ಬೇಳೆಗೆ ಜ್ವರ ಬಂದಂಗೈತೆ ಅಷ್ಟೇಯ. ಬೆಂದಂಗಿಲ್ಲ.”

ಅರ್ಧ ಗಂಟೆಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸಬೇಕಿತ್ತು. ವಾರದ ದಿನ ಆ ಕೆಲಸ ಅಕ್ಕನಿಗೆ ಬಿತ್ತು. ಹೊಗೆಯಿಂದ ಕಾಪಾಡಲು ಹೋಗಿ ಕನ್ನಡಿಯ ಝಳಕ್ಕೆ ಒಡ್ಡಿದೆನಲ್ಲ ಎಂದು ನನಗೆ ಹೊಸ ಚಿಂತೆ.

“ಅದಕ್ಕೇ ಅಲ್ವಾ ಡಾಕ್ಟ್ರು ಕರಿ ಕನ್ನಡ್ಕ ಕೊಟ್ಟಿರೋದು? ಈ ಬೀದೀನಾಗೆ ನಿನ್ ಪೆಟ್ಗೆ ನೋಡೋ ಯೋಗ್ಯತೆ ಇರೋಳು ನಾನೊಬ್ಳೇ ಕಣ್ಲಾ.”

ಶಾಲೆಯಲ್ಲಿ ನಾನು ಪಾಠ ಮಾಡುತ್ತಾ ಕಿಟಕಿಯಾಚೆ ಮೋಡ ನೋಡುತ್ತಿದ್ದೆ. ತಮಿಳು ಮೇಷ್ಟರು ದಿನಾ ಕೇಳುತ್ತಿದ್ದರು, “ಎನ್ನ ಸಾರ್, ಮಳೆ ವರುಮಾ?” ನಾನು ಹೇಳಿದ್ದು ಒಂದು ದಿನವೂ ನಿಜವಾಗಲಿಲ್ಲ. ಆದರೂ ಅವರು ಕೇಳುವುದನ್ನು ಬಿಡಲಿಲ್ಲ.

ಆಷಾಢ ಕಳೆದು ಮೋಡ ಒಡೆದ ದಿನಗಳಲ್ಲಿ ಪೆಟ್ಟಿಗೆಯೂ ಕೆಲಸ ಮಾಡಿತು ಎನ್ನಬೇಕು. ಅನ್ನ ಆಯಿತು. ರಾತ್ರಿ ನೆನೆಸಿಟ್ಟ ಹುರುಳಿ ಬೆಂದಿತು. ಆದರೆ ನಮ್ಮ ಮನೆಯಲ್ಲಿ ಅನ್ನವನ್ನು ಊಟ ಎನ್ನುವುದಿಲ್ಲ, ಊಟವಾದ ಮೇಲೆ ಇನ್ನೊಂದು ತುತ್ತು ತಿನ್ನುವುದನ್ನು ಅನ್ನ ಎನ್ನುತ್ತೇವೆ. ಊಟ ಎಂದರೆ ಮುದ್ದೆ. ಪೆಟ್ಟಿಗೆಯ ಜೊತೆ ಕೊಟ್ಟ ಚೀಟಿಯಲ್ಲಿ ಅನ್ನ, ಬೇಳೆ, ಮೊಟ್ಟೆ, ಕೇಕು ಎಂದೆಲ್ಲ ಇತ್ತು. ಕೇಕು ಆಗುವುದಾದರೆ ಮುದ್ದೆ ಯಾಕಾಗಬಾರದು? ಒಂದು ಶನಿವಾರ ನೀರಿಗೆ ರಾಗಿಹಿಟ್ಟು ಸುರಿದು ಇಟ್ಟೇಬಿಟ್ಟೆ. ಮುದ್ದೆಯನ್ನು ತಿರುವಬೇಕು, ತಿರುವಲು ಗಾಜು ತೆಗೆಯಬೇಕು, ಗಾಜು ತೆಗೆದರೆ ಅಷ್ಟು ಹೊತ್ತು ಕೂಡಿಟ್ಟ ಬಿಸಿಯೆಲ್ಲ ನನ್ನ ಮುಖಕ್ಕೆ ಬಂದು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲೆ ಕೆನೆ, ನಡುವೆ ಅಂಬಲಿ, ತಳದಲ್ಲಿ ಹಸಿ ಹಿಟ್ಟು. ಅಕ್ಕ ಬೆರಳಲ್ಲಿ ಮುಟ್ಟಿ ನೋಡಿ ಬೆರಳನ್ನು ಕಂಬಕ್ಕೆ ಒರೆಸಿದಳು.

“ಇದು ಮುದ್ದೆಯಲ್ಲ, ಅಳಿಯಂದ್ರೆ. ಗೋಡೆಗೆ ಪೋಸ್ಟರ್ ಅಂಟ್ಸೋಕೆ ಚೆನ್ನಾಗೈತೆ.”

ಸೋಮವಾರ ಮಧ್ಯಾಹ್ನ ಮನೆಗೆ ಬಂದರೆ ತಟ್ಟೆಯಲ್ಲಿ ಬಿಸಿ ಮುದ್ದೆ. ಅಡುಗೆಮನೆಯಲ್ಲಿ ಹೊಗೆಯ ವಾಸನೆಯೂ ಇರಲಿಲ್ಲ. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಮುದ್ದೆ ಆಗುವುದಿಲ್ಲ ಎಂದು ಈ ಭೂಮಿಯ ಮೇಲೆ ಚೆನ್ನಾಗಿ ಬಲ್ಲವನು ನಾನು. ಆದರೂ ಕೇಳಲಿಲ್ಲ. ಹಗಲಿಡೀ ಇಲ್ಲದ್ದಕ್ಕೆಲ್ಲ ಚಿಂತೆ ಮಾಡುವವನು, ಹಸಿದಾಗ ಮುಂದೆ ಇದ್ದದ್ದರ ಬಗ್ಗೆ ಚಿಂತಿಸಲಿಲ್ಲ. ಹೀಗೆ ಎಂಟು ಹತ್ತು ದಿನ ನಡೆಯಿತು.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಯಲ್ಲಿ ಅಕ್ಕ ಕಾಣಲಿಲ್ಲ. ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ ಮೂರು ಕಲ್ಲು ಹೂಡಿ, ಹಸಿ ಸೌದೆ ಒಟ್ಟಿ, ಅಕ್ಕ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳು. ಆಪರೇಷನ್ ಆದ ಕಣ್ಣು ಒಣಮೆಣಸಿನಕಾಯಿಯಷ್ಟು ಕೆಂಪಾಗಿ ನೀರು ಸುರಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು, ಅದೂ ಮಾಡಬಾರದ್ದೇ.

“ಏನಕ್ಕಾ ಇದು! ಕಣ್ಣು ಹೋದ್ರೆ?”

“ಹೋದ್ರೆ ಹೋಯ್ತದೆ. ನೀನು ಹಸ್ಕೊಂಡು ಬತ್ತೀಯ, ಅಂಬ್ಲಿ ಉಯ್ಯಾನಾ?”

“ಮತ್ತೆ ಆ ಪೆಟ್ಟಿಗೆ ಯಾತಕ್ಕೆ ತಂದೆ ನಾನು?”

“ನಿನ್ ಸಮಾಧಾನಕ್ಕೆ ತಂದೆ. ನಾನು ದಿನಾ ತಿರುಗಿಸ್ತಾ ಇಲ್ವೇನ್ಲಾ, ನಿನ್ ಸಮಾಧಾನಕ್ಕೇ?”

ನೀರು ತಂದು ಬೆಂಕಿಗೆ ಸುರಿದೆ. ಅದರಿಂದ ಇನ್ನಷ್ಟು ಹೊಗೆ ಎದ್ದಿತು.

ಮಾರನೆಯ ಬೆಳಿಗ್ಗೆ ಕಣ್ಣಿನ ಡಾಕ್ಟರ ಮುಂದೆ ಕೂತೆವು. ಅವರು ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ಆ ಕೋಣೆಯಲ್ಲಿ ಮೊದಲ ಸಲ ನನಗೆ ನಿಜವಾದ ಹೆದರಿಕೆ ಅಂದರೆ ಏನು ಎಂದು ಗೊತ್ತಾಯಿತು. ಅದರಲ್ಲಿ ಗಾಜು ಒಡೆಯುವುದೂ ಚಪ್ಪರ ಹೊತ್ತುವುದೂ ಇರಲಿಲ್ಲ.

“ಸಮೈಯಲ್ ಯಾರು ಪಣ್ರಾಂಗ?” ಎಂದರು ಡಾಕ್ಟರು. ಮನೆಯಲ್ಲಿ ಅಡುಗೆ ಯಾರು ಮಾಡುವುದು ಎಂದು.

“ನಾನ್‌ದಾನ್ ಸಾರ್,” ಎಂದುಬಿಟ್ಟೆ. ನಾನೇ.

ಅಕ್ಕ ಗೊಳ್ಳೆಂದು ನಕ್ಕಳು. ತಲೆ ಅಲ್ಲಾಡಿ ಡಾಕ್ಟರ ಟಾರ್ಚಿನ ಬೆಳಕು ಅವಳ ಕಿವಿಗೆ ಬಿತ್ತು.

“ಸುಳ್ಳು ಕಣ್ ಸಾಮಿ! ಇವನಿಗೆ ನೀರು ಕಾಯ್ಸೋಕೂ ಬರಾಕಿಲ್ಲ.”

ಡಾಕ್ಟರಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಹೊಗೆಯಿಂದ ಕೆರಳಿದೆ, ಒಳಗೆ ಏನೂ ಆಗಿಲ್ಲ, ಈ ಸಲ ಉಳಿದುಕೊಂಡಿತು ಎಂದರು. ಇನ್ನೊಮ್ಮೆ ಹೀಗೆ ಬಂದರೆ ಎರಡನೆಯ ಕಣ್ಣಿನ ಮಾತೇ ಬೇಡ ಎಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಕೊಡುತ್ತಾ, “ಬರದಿದ್ರೆ ಕಲ್ತುಕೊಳ್ಳಿ ಸಾರ್,” ಎಂದರು.

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಮುದ್ದೆ ತಿರುವಲು ಬೇಕಾದದ್ದು ಕಾಲು ಗಂಟೆ. ಊಟದ ಬಿಡುವು ಒಂದು ಗಂಟೆ. ಕೋಟಿಗಟ್ಟಲೆ ಮೈಲಿ ದೂರದ ಸೂರ್ಯನನ್ನು ಅಂಗಳಕ್ಕೆ ಕರೆಸಲು ಸೈಕಲ್ ತುಳಿದವನಿಗೆ ತನ್ನ ಎರಡು ಕೈ ಅಲ್ಲೇ ಇರುವುದು ಹೊಳೆದಿರಲಿಲ್ಲ. ನನಗೆ ಮಾತ್ರವಲ್ಲ, ಅಕ್ಕನಿಗೂ ಹೊಳೆದಿರಲಿಲ್ಲ. ಗಂಡಸು ಒಲೆಯ ಮುಂದೆ ಕೂರುವುದಕ್ಕಿಂತ ಸೂರ್ಯ ಬಂದು ಕೂರುವುದೇ ನಮಗೆ ಸಹಜವಾಗಿ ಕಂಡಿತ್ತು.

ಆ ಭಾನುವಾರ ಹೆಂಡತಿ ಪಾಠ ಹೇಳಿಕೊಟ್ಟಳು. ಅಕ್ಕನನ್ನು ಹೊಗೆ ತಾಕದಂತೆ ಅಂಗಳದಲ್ಲಿ ಕೂರಿಸಿದ್ದೆವು, ಅಲ್ಲಿಂದಲೇ ಕೂಗುತ್ತಿದ್ದಳು.

“ಗಂಟಾಯ್ತಾ? ಗಂಟಾಗಿರ್ತದೆ ಬಿಡು.”

“ಮಾವ, ಇದು ಬೋರ್ಡ್ ಮೇಲೆ ಬರ್ದಂಗಲ್ಲ. ಪಾತ್ರೆ ಒತ್ತಿ ಹಿಡ್ಕೊಂಡು ತಿರುವ್ರಿ.”

“ಕೈ ಸುಟ್ಕೊಂಡ್ನಾ?”

“ಸುಟ್ಕೊಂಡ್ರು ಕಣಮ್ಮ.”

“ಹಂಗಾದ್ರೆ ಕಲೀತಾನೆ.”

ಆಮೇಲೆ ದಿನವೂ ಹನ್ನೆರಡೂವರೆಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಒಲೆಯ ಮುಂದೆ ಕೂರತೊಡಗಿದೆ. ಪೆಟ್ಟಿಗೆಗೂ ಆಗ ಅದರ ನಿಜವಾದ ಕೆಲಸ ಸಿಕ್ಕಿತು. ಅಕ್ಕ ಬೆಳಿಗ್ಗೆಯೇ ಅದರಲ್ಲಿ ಸಾರಿನ ಬೇಳೆ ಇಡುತ್ತಿದ್ದಳು, ಮುದ್ದೆಗೆ ಬೇಕಾದ ನೀರನ್ನೂ ಇಡುತ್ತಿದ್ದಳು. ಬಿಸಿಲಿದ್ದ ದಿನ ಮಧ್ಯಾಹ್ನಕ್ಕೆ ನೀರು ಕೈ ಇಡಲಾರದಷ್ಟು ಕಾದಿರುತ್ತಿತ್ತು; ಒಲೆ ಉರಿಯಬೇಕಾದದ್ದು ಆ ಕಾಲು ಗಂಟೆ ಮಾತ್ರ. ವಾರಕ್ಕೆ ಒಂದು ಹೊರೆ ನುಂಗುತ್ತಿದ್ದ ಒಲೆ, ಒಂದು ಹೊರೆಯಲ್ಲಿ ತಿಂಗಳು ದೂಡತೊಡಗಿತು. ನಾನು ಗಡಿಯಾರ ನೋಡಿ ತಿರುಗಿಸುತ್ತಿದ್ದ ಪೆಟ್ಟಿಗೆಯನ್ನು ಅಕ್ಕ ಕೆನ್ನೆಗೆ ಬಿಸಿಲು ಯಾವ ಕಡೆಯಿಂದ ತಾಕುತ್ತದೆ ಎಂದು ನೋಡಿ ತಿರುಗಿಸುತ್ತಿದ್ದಳು. ಅವಳು ತಿರುಗಿಸಿದ ದಿನ ಹುರುಳಿ ಒಂದು ಗಂಟೆ ಮೊದಲೇ ಬೇಯುತ್ತಿತ್ತು. ಈ ವಿಷಯವನ್ನು ನಾನು ತರಗತಿಯ ಭಾಷಣದಲ್ಲಿ ಸೇರಿಸಲಿಲ್ಲ.

ಅವರೆಕಾಯಿ ಕಾಲಕ್ಕೆ ಎರಡನೆಯ ಕಣ್ಣಿನ ಆಪರೇಷನ್ನೂ ಆಯಿತು. ಇನ್ನು ಕೆಲವು ವಾರ ಕಳೆದು, ದಪ್ಪ ಗಾಜಿನ ಕನ್ನಡಕ ಬಂತು. ಅದೊಂದು ಭಾನುವಾರ. ಅಕ್ಕ ಕನ್ನಡಕ ಹಾಕಿಕೊಂಡು ಮನೆಯೆಲ್ಲ ಸುತ್ತಿ, ಮೂಲೆಯ ಜೇಡರ ಬಲೆಗಳನ್ನು ಒಂದೊಂದಾಗಿ ಮಗಳಿಗೆ ತೋರಿಸಿ, ಊಟಕ್ಕೆ ಕೂತಳು. ಅವರೆಕಾಳಿನ ಸಾರು, ನಾನು ತಿರುವಿದ ಮುದ್ದೆ. ಅವಳು ತಟ್ಟೆಯನ್ನು ಎತ್ತಿ ಕನ್ನಡಕದ ಹತ್ತಿರ ತಂದಳು. ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿದಳು.

“ಏನ್ಲಾ ಇದು?”

“ಮುದ್ದೆ.”

“ಇಷ್ಟು ದಿನ ನಾನು ಉಂಡಿದ್ದು ಇದನ್ನಾ?”

ಹೆಂಡತಿಗೆ ನಗು ತಡೆಯಲಾಗದೆ ನೆತ್ತಿ ಹತ್ತಿತು. ಅಕ್ಕ ಆ ಮುದ್ದೆಯನ್ನು ಮುರಿದು, ಒಳಗಿನ ಗಂಟುಗಳನ್ನು ಬೆರಳಿನಿಂದ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಉಳಿದದ್ದನ್ನು ಸಾರಿನಲ್ಲಿ ಅದ್ದಿ ಉಂಡಳು. ಪೂರ್ತಿ ಉಂಡಳು. ಕೈ ತೊಳೆದು ನೆಟ್ಟಗೆ ಅಡುಗೆಮನೆಗೆ ಬಂದಳು. ನಾನು ರಾತ್ರಿಗೆ ಬೇಕಾಗುತ್ತದೆಂದು ಹಿಟ್ಟಿನ ಕೋಲು ತೊಳೆಯುತ್ತಿದ್ದೆ. ಒಲೆಯಲ್ಲಿ ಕೆಂಡ ಇನ್ನೂ ಹೊಗೆಯಾಡುತ್ತಿತ್ತು.

“ಕೊಡ್ಲಾ ಇಲ್ಲಿ. ನನಗಿನ್ನು ಕಣ್ಣು ಕಾಣಿಸ್ತದೆ.”

ಕೈ ಚಾಚಿದಳು. ಆ ಕೈ ಕೇಳಿದ್ದನ್ನು ನಾನು ಅದುವರೆಗೆ ಇಲ್ಲ ಎಂದವನಲ್ಲ. ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಒದ್ದೆ ಕೋಲಿನ ನೀರು ಬೆನ್ನಿಗೆ ಇಳಿಯುತ್ತಿತ್ತು.

“ಅದಕ್ಕೇ ಕೊಡಲ್ಲ ಕಣಕ್ಕಾ,” ಎಂದೆ.