ಒಂದೇ ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದ ಪಾಠ

ಲೋಕದಲ್ಲಿ ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಹಿರಿಯರು ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆ ಹಿರಿಯರಲ್ಲಿ ಒಬ್ಬರೂ ಹಳ್ಳಿಯ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯೊಳಕ್ಕೆ ಚಪ್ಪಲಿ ಬಿಟ್ಟು ಹೋದವರಲ್ಲ.

ನಾನು ಹೋಗಿದ್ದೇನೆ. ಅದೇ ನನ್ನ ಉದ್ಯೋಗವಾಗಿತ್ತು. ಎರಡು ಸಾವಿರದ ಇಸವಿ ಕಳೆದ ಹೊಸತು. ನಂಜನಗೂಡಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ‘ಸರ್ವಿಸ್ ಇಂಜಿನಿಯರ್’ ಎಂಬ ಬಿರುದು ಹೊತ್ತಿದ್ದೆ. ಬಿರುದಿನ ಜತೆಗೆ ಒಂದು ಸ್ಕ್ರೂಡ್ರೈವರನ್ನೂ ದಯಪಾಲಿಸಿದ್ದರು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನ ಶಾಲೆಗಳಿಗೆ ಪಾಠದ ಸಾಫ್ಟ್‌ವೇರ್ ಹಾಕಿಕೊಡುವುದು ನಮ್ಮ ಗುತ್ತಿಗೆ. ಗಣಿತ, ವಿಜ್ಞಾನ ಎಲ್ಲವನ್ನೂ ಒಂದು ಸಿ.ಡಿ.ಯಲ್ಲಿ ಗಂಟು ಕಟ್ಟಿ ಅದಕ್ಕೆ ಪ್ಯಾಕೇಜ್ ಎನ್ನುತ್ತಿದ್ದರು. ಆ ಗಂಟನ್ನು ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ ಬಿಚ್ಚಿಟ್ಟರೆ, ಉಳಿದ ಹತ್ತೂ ತಂತಿಯ ಮೂಲಕ ಅದರಿಂದಲೇ ಪಾಠ ತೆಗೆದು ತೋರಿಸಬೇಕು. ಬೇರೆಲ್ಲ ಕಡೆ ತೋರಿಸುತ್ತಿದ್ದವು.

ತಲಕಾಡು ದಾರಿಯ ಒಂದು ಶಾಲೆಯಲ್ಲಿ ಮಾತ್ರ ಪಾಠ ಒಂದೇ ಒಂದು ಕಂಪ್ಯೂಟರಿನಲ್ಲಿ ತೆರೆಯುತ್ತಿತ್ತು. ಅದೂ ದಿನಾ ಅದೇ ಕಂಪ್ಯೂಟರಲ್ಲ. ನೆನ್ನೆ ಕಿಟಕಿ ಪಕ್ಕದ್ದು, ಇವತ್ತು ಬಾಗಿಲ ಪಕ್ಕದ್ದು. ನನ್ನ ವೃತ್ತಿಯವರು ಮಾಡುವುದನ್ನೆಲ್ಲ ನಾನೂ ಮಾಡಿದೆ. ಪ್ಯಾಕೇಜನ್ನು ಅಳಿಸಿ ಮತ್ತೆ ಹಾಕಿದೆ, ಸಿ.ಡಿ.ಯನ್ನು ಅಂಗಿಯ ತುದಿಯಲ್ಲಿ ಒರೆಸಿದೆ, ತಂತಿ ಬದಲಾಯಿಸಿದೆ, ಕೊನೆಗೆ ಗಂಭೀರವಾಗಿ ‘ವೋಲ್ಟೇಜ್ ಪ್ರಾಬ್ಲಮ್ಮು’ ಎಂದೆ.

ಕೋಣೆಯ ಜವಾಬ್ದಾರಿ ಗಣಿತದ ಮೇಷ್ಟರದು. ಮೈಸೂರಿನ ಕಚೇರಿಗೆ ಅಲೆದು ಅಲೆದು ಈ ಕಂಪ್ಯೂಟರುಗಳನ್ನು ತರಿಸಿದ್ದವರೂ ಅವರೇ. ಸೋಮವಾರ ತಪಾಸಣೆಗೆ ಆ ಕಚೇರಿಯ ಸಾಹೇಬರು ಬರುವವರಿದ್ದರು. ಅಷ್ಟರಲ್ಲಿ ಎಲ್ಲದರಲ್ಲೂ ಪಾಠ ತೆರೆಯದಿದ್ದರೆ ಇವನ್ನು ಲಾರಿಗೆ ಹಾಕಿ ಬೇರೆ ಶಾಲೆಗೆ ಕಳಿಸುವುದೆಂದು ಮಾತಾಗಿತ್ತು. ಅವತ್ತು ಶನಿವಾರ.

“ನಿಮ್ಮ ಪ್ಯಾಕೇಜು ಪ್ರೈವೇಟ್ ಬಸ್ಸಿನ ಸೀಟಿದ್ದಂಗೆ ಕಣ್ರೀ,” ಎಂದರು ಮೇಷ್ಟರು. “ಮೊದ್ಲು ಟವಲ್ ಹಾಕ್ದೋನಿಗೆ ಜಾಗ, ಮಿಕ್ದೋರು ನೇತಾಡ್ಕಂಡು ಬನ್ನಿ ಅಂತದೆ.”

ಅವರು ಹಂಗಿಸಿದ್ದು. ನನಗೆ ಮಾತ್ರ ‘ಮೊದ್ಲು’ ಎಂಬುದು ಕಿವಿಯಲ್ಲಿ ನಿಂತಿತು. ದೊಡ್ಡದನ್ನು ಬಿಟ್ಟು ಹತ್ತನ್ನೂ ಆರಿಸಿ, ದಿನಾ ಹೇಗೆ ಹಚ್ಚುತ್ತೀರೋ ಹಾಗೇ ಹಚ್ಚಿ ಎಂದೆ. ಮೊದಲನೆಯದರಲ್ಲಿ ಪಾಠ ತೆರೆಯಿತು. ಎರಡನೆಯದನ್ನು ಹಚ್ಚಿದಾಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಚೌಕ ಬಂತು. ನಾನು ಕಣ್ಣು ಹಾಯಿಸುವಷ್ಟರಲ್ಲಿ ಮೇಷ್ಟರು ಓಕೆ ಒತ್ತಿ ಅದನ್ನು ಕಳಿಸಿಬಿಟ್ಟರು.

“ಅದೇನು ಸಾರ್ ಬಂದಿದ್ದು?”

“ಅದಾ? ದಿನಾ ಬತ್ತದೆ. ಏನೋ ಕೇಳ್ತದೆ, ನಾವು ಓಕೆ ಅಂತೀವಿ. ಇಲ್ಲ ಅನ್ನಕೆ ಅಲ್ಲಿ ಜಾಗವೇ ಇಲ್ವಲ್ಲ.”

ಮೂರನೆಯದಕ್ಕೆ ಅವರ ಕೈ ಹಿಡಿದುಕೊಂಡೇ ಓದಿದೆ. ಈ ಹೆಸರಿನ ಕಂಪ್ಯೂಟರೊಂದು ಆಗಲೇ ತಂತಿಯ ಮೇಲಿದೆ, ಆದ್ದರಿಂದ ನಿನ್ನನ್ನು ಸೇರಿಸಲಾಗದು ಎಂಬುದು ಅದರ ತಾತ್ಪರ್ಯ. ನಮ್ಮ ಅಂಗಡಿಯವರು ಒಂದೊಂದಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಹೋಗಿದ್ದೆವು. ಈಗ ನೋಡಿದರೆ, ನಮ್ಮ ಪಾಸ್‌ವರ್ಡ್ ಇದ್ದ ದೊಡ್ಡದೊಂದನ್ನು ಬಿಟ್ಟು ಉಳಿದ ಹತ್ತಕ್ಕೂ ಒಂದೇ ಹೆಸರು, ಶಾಲೆಯದು.

“ಹೆಡ್ ಮಾಸ್ಟ್ರು ಹೇಳಿದ್ರು, ನಾನು ಹಾಕ್ದೆ,” ಎಂದರು ಮೇಷ್ಟರು. ಹೆಸರು ಬದಲಿಸುವ ವಿದ್ಯೆ ಅವರಿಗೆ ತರಬೇತಿಯಲ್ಲಿ ಸಿದ್ಧಿಸಿತ್ತು.

ಹೆಡ್ ಮಾಸ್ಟರು ಬಂದರು. ಅವರದು ಒಂದೇ ಸಿದ್ಧಾಂತ: ಶಾಲೆಯ ಸ್ವತ್ತಿನ ಮೇಲೆ ಶಾಲೆಯ ಹೆಸರಿರಬೇಕು. ಬೆಂಚು, ಕುರ್ಚಿ, ಬಕೆಟ್ಟು, ನೀರಿನ ಲೋಟ, ಯಾವುದೂ ಬಣ್ಣದ ಕುಂಚದಿಂದ ತಪ್ಪಿಸಿಕೊಂಡಿರಲಿಲ್ಲ.

“ಹೆಸರು ತೆಗೀಬೇಕು ಸಾರ್,” ಎಂದೆ.

“ತೆಗೀತೀರಾ? ಹೆಸರಿಲ್ದಿದ್ದ ಬೆಂಚು ಒಂದ್ಸಲ ಮದುವೆಗೆ ಹೋಯ್ತು ಕಣ್ರೀ. ಆ ಗಂಡು ಹೆಣ್ಣಿಗೆ ಎರಡು ಮಕ್ಕಳೂ ಆದ್ವು, ಬೆಂಚು ಇನ್ನೂ ಬಂದಿಲ್ಲ. ಸಾಗಿಸೋಕೆ ಲಾರಿ ಬರೋ ಹೊತ್ನಲ್ಲಿ ಹೆಸರು ಅಳಿಸು ಅಂತೀರಲ್ಲ!”

“ಹೆಸರು ಹಿಂಗೇ ಇದ್ರೆ ಲಾರಿ ಬಂದೇ ಬತ್ತದೆ ಸಾರ್,” ಎಂದು ಮೇಷ್ಟರು ಮಧ್ಯೆ ಬಂದರು. “ಒಂದು ಕ್ಲಾಸಲ್ಲಿ ಹತ್ತು ಜನ ಮಾದೇಶ ಇದ್ರೆ ಹಾಜರಿ ಹೆಂಗೆ ಕೂಗ್ತೀರಿ?”

“ಇನಿಷಿಯಲ್ ಸೇರಿಸಿ ಕೂಗ್ತೀವಿ. ಅದ್ರಲ್ಲೇನಿದೆ?”

ಮರುಗಳಿಗೆಗೆ ಹೆಡ್ ಮಾಸ್ಟರೇ, ತಾವು ಮೊದಲಿಂದಲೂ ಅದನ್ನೇ ಹೇಳುತ್ತಿದ್ದವರಂತೆ, “ಹಾಗಾದ್ರೆ ಇವಕ್ಕೂ ಇನಿಷಿಯಲ್ ಹಾಕಿ ಮತ್ತೆ, ನೋಡ್ತಾ ನಿಂತಿದೀರಲ್ಲ,” ಎಂದು ನಮ್ಮಿಬ್ಬರನ್ನೂ ಗದರಿದರು.

ಜಾಗ ಸಾಲದ್ದರಿಂದ ಶಾಲೆಯ ಹೆಸರನ್ನು ಮೊಟಕು ಮಾಡಿ, ಹಿಂದೆ ಎ ಇಂದ ಜೆ ತನಕ ಒಂದೊಂದು ಅಕ್ಷರ ಸೇರಿಸಿದೆವು. ಹೆಡ್ ಮಾಸ್ಟರಿಗೆ ಅಷ್ಟರಲ್ಲೇ ಸಮಾಧಾನವಾಗದೆ, ಭಾನುವಾರ ಪೇಂಟರನ್ನು ಕರೆಸಿ ಪೂರ್ತಿ ಹೆಸರನ್ನು ಪೆಟ್ಟಿಗೆಗಳ ಮೈಮೇಲೂ ಬರೆಸಿದರು.

ಸೋಮವಾರ ಸಾಹೇಬರು ಬಂದರು. ಹತ್ತರಲ್ಲೂ ಭಿನ್ನರಾಶಿಯ ಪಾಠ ತೆರೆಯಿತು. ಅವರು ಉಪ್ಪಿಟ್ಟು ತಿಂದು ಹೋದರು. ಲಾರಿ ಬರಲಿಲ್ಲ.