ಪುಗ್ಗಾಕ್ಕೆ ಬುರಸಿ, ನನಗೆ ಹಸಿರು ಕುಬಸ

ನಾಲ್ಕು ವರ್ಷದ ಹಿಂದಿನ ಮಾತು. ಆಗಷ್ಟೇ ಕಬ್ಬು ನುರಿಸುವ ಹಂಗಾಮು ಶುರುವಾಗಿ, ನಮ್ಮ ಉಗಾರದ ಗಾಳಿಯಲ್ಲೆಲ್ಲ ಸಕ್ಕರೆ ಕಾರ್ಖಾನೆಯ ಸಿಹಿ ಕಮಟು ವಾಸನೆ. ಮದುವೆಯಾಗಿ ಬಹಳ ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಮೊದಲು ತೂಕ ಇಳಿಯಬೇಕೆಂದು ಮಿರಜದ ಡಾಕ್ಟರೊಬ್ಬರು ಆ ಬೇಸಿಗೆಯಲ್ಲೇ ನನ್ನ ಹೊಟ್ಟೆಯೊಳಗೆ ನೀರು ತುಂಬಿದ ಬಲೂನು ಇಟ್ಟಿದ್ದರು. ಹೊಟ್ಟೆ ತುಂಬಿದಂತಿದ್ದರೆ ಊಟ ತಾನಾಗಿ ಕಡಿಮೆಯಾಗುತ್ತದಂತೆ. ಅತ್ತೆ ಗಾಬರಿಯಾಗುತ್ತಾರೆಂದು ನನ್ನವರು ಅವರಿಗೆ ತಿಳಿಸಿರಲಿಲ್ಲ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಹಂಗಾಮು ಶುರುವಾಗುವ ಹೊತ್ತಿಗೆ ವಾಂತಿ, ಹುಳಿ ತೇಗು, ರೊಟ್ಟಿ ಕಂಡರೂ ಸಂಕಟ. ನಾನು ಒದ್ದಾಡುತ್ತಿದ್ದರೆ ಅತ್ತೆಯ ಮುಖ ಮಾತ್ರ ದಿನದಿನಕ್ಕೆ ಅರಳುತ್ತಿತ್ತು. ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಸೆರಗಿನೊಳಗಿಂದ ಹಸಿರು ಖಣದ ಕುಬಸ ತೆಗೆದರು.

"ಕಳ್ಳಕುಬಸ ಮಾಡೂಣು ಬೇ. ಯಾರಿಗೂ ಹೇಳಬ್ಯಾಡ, ದೃಷ್ಟಿ ಆಗತೈತಿ."

ಬಸುರಿಗೆ ಮೊದಲ ತಿಂಗಳುಗಳಲ್ಲಿ ಗುಟ್ಟಾಗಿ ಹಸಿರು ಕುಬಸ ತೊಡಿಸುವುದು ನಮ್ಮ ಕಡೆಯ ಪದ್ಧತಿ.

"ಅತ್ತಿ, ಇದು ಬಸರಲ್ರಿ. ತೂಕ ಇಳೀಲಿ ಅಂತ ಡಾಕ್ಟರು ಹೊಟ್ಯಾಗ ಪುಗ್ಗಾ ಇಟ್ಟಾರ್ರಿ," ಎಂದೆ.

"ಪುಗ್ಗಾ? ಹುಡುಗೂರು ಊದೂ ಪುಗ್ಗಾ?"

ಕುಬಸ ಅವರ ಕೈಯಲ್ಲೇ ಉಳಿಯಿತು. ಬಯ್ದಿದ್ದರೂ ಸರಿಯಿತ್ತು. ಅದನ್ನು ಮಡಚಿ ಮತ್ತೆ ಸೆರಗಿನೊಳಗಿಟ್ಟುಕೊಂಡು ಒಳಗೆ ಹೋದರು. ನಾನು ಗೋಡೆಗೊರಗಿ ಅತ್ತುಬಿಟ್ಟೆ.

ವಾಂತಿ ನಿಲ್ಲಲಿಲ್ಲವೆಂದು ಮರುದಿನ ಮಿರಜದ ಡಾಕ್ಟರ ಬಳಿ ಹೊರಟಾಗ ಅತ್ತೆಯೇ ಮೊದಲು ಕಾರು ಹತ್ತಿ ಕೂತಿದ್ದರು. ಡಾಕ್ಟರು ಬಾಯಿಯೊಳಗಿಂದ ನಳಿಕೆ ಇಳಿಸಿ ಬಲೂನನ್ನು ಹೊರತೆಗೆದು ತೋರಿಸಿದರು. ಅದರ ಮೈತುಂಬ ಬಿಳಿ, ಕಪ್ಪು ಶಿಲೀಂಧ್ರ. ಒಮ್ಮೊಮ್ಮೆ ಹೀಗಾಗುತ್ತದೆ, ಗುಳಿಗೆ ಕೊಡುತ್ತೇನೆ, ಹೆದರಬೇಡಿ ಎಂದರು.

ಅತ್ತೆ ಬಗ್ಗಿ ನೋಡಿ, "ಅಯ್ಯ ನನ್ನವ್ವ! ಉಪ್ಪಿನಕಾಯಿಗೆ ಬಂದಂಗ ಬುರಸಿ ಬಂದೈತಲ್ರಿ! ಈಗ ಇಕಿ ಹೊಟ್ಟಿ ಖಾಲಿ ಐತಿ, ಹೌದಿಲ್ರಿ? ಹಂಗಾದ್ರ ಇನ್ನ ಉಣ್ಣಬಹುದಿಲ್ರಿ?" ಎಂದರು. ಡಾಕ್ಟರು ನಕ್ಕುಬಿಟ್ಟರು.

ಮನೆಗೆ ಬಂದ ಮೇಲೆ ಅದೇ ಕುಬಸ ತಂದು ನನ್ನ ಉಡಿಯಲ್ಲಿಟ್ಟರು.

"ನಾ ಬಸರಿಲ್ಲಲ್ರಿ, ಅತ್ತಿ."

"ಕೂಸಿಗೆ ತಂದಿದ್ನೇನ? ನಿನಗ ತಂದೀನಿ. ತೊಟ್ಕೋ," ಎಂದು ಗದರಿದರು.

ನನಗೆ ಮಕ್ಕಳಾಗಲಿಲ್ಲ. ಆ ನೋವು ಇದ್ದೇ ಇದೆ. ಕಳೆದ ವರ್ಷ ಅತ್ತೆಯೂ ಹೋದರು. ಇಳಿದ ತೂಕ ಮಾತ್ರ ನಿಯತ್ತಾಗಿ ತಿರುಗಿ ಬಂದಿದೆ. ಕುಬಸದ ತೋಳು ಬಿಗಿಯಾಗುತ್ತದೆಂದು ಹೊಲಿಗೆ ಬಿಚ್ಚಿಸಿದ್ದೇನೆ. ಹಂಗಾಮು ಶುರುವಾಗಿ ಗಾಳಿಯಲ್ಲಿ ಆ ಸಿಹಿ ಕಮಟು ವಾಸನೆ ಬಂದ ದಿನ ಇಂದಿಗೂ ಅದನ್ನೇ ತೊಡುತ್ತೇನೆ.